ಹಾಲ್ವರ್‌ನ ಕಾರ್ಡಿಗೆ ಕೆಂಪು ಶಾಯಿ

ಮಾರ್ಲಿಸ್ ಸ್ಕೋಗನ್‌ಗೆ ಯಾರಾದರೂ 'ಇದು ನಿನ್ನ ಕೈಲಾಗದು' ಎಂದರೆ ಮುಗಿಯಿತು, ಆ ಕೆಲಸ ಆದ ಹಾಗೆಯೇ. ಡುಲೂತ್‌ನ ಊರಿನ ಇಳಿಜಾರು ಬೀದಿಗಳಲ್ಲಿ ಇಪ್ಪತ್ತೊಂಬತ್ತು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವಳು. ಕೆಲಸಕ್ಕೆ ಸೇರಿದ ಮೊದಲ ವಾರ ಡಿಪೋದ ಗಂಡಸರು ಬೇಕೆಂದೇ ಊರಿನಲ್ಲೆಲ್ಲ ಕಡಿದಾದ ಬೀದಿಯನ್ನು ಅವಳ ಪಾಲಿಗೆ ಹಾಕಿ, ಕೆಳಗೆ ಕಾಫಿ ಹಿಡಿದುಕೊಂಡು ತಮಾಷೆ ನೋಡಲು ನಿಂತಿದ್ದರಂತೆ. ಅವಳು ಬೀದಿಯನ್ನು ನುಣ್ಣಗೆ ಬಳಿದು, ಬಳಿದ ಹಿಮವನ್ನೆಲ್ಲ ತಂದು ಅವರ ಕಾರುಗಳ ಮುಂದೆ ಎದೆಯೆತ್ತರ ಪೇರಿಸಿ, ಒಮ್ಮೆ ಹಾರನ್ ಹೊಡೆದು ಹೋದಳು. ಅವರು ಮಧ್ಯಾಹ್ನದ ತನಕ ಸಲಿಕೆ ಹಿಡಿದು ಬೆವರು ಸುರಿಸಿದರು. ಅದಾದ ಮೇಲೆ ಅವಳ ತಂಟೆಗೆ ಯಾರೂ ಹೋಗಲಿಲ್ಲ.

ಇಂಥವಳಿಗೆ ಬೆರಳುದ್ದದ ಒಂದು ಮೀನಿನ ಮೇಲೆ ಜೀವ ಎಂದರೆ ಯಾರು ನಂಬುತ್ತಾರೆ? ಆದರೂ ಇತ್ತು.

ಮನೆಯ ಕಿಟಕಿ ತೆರೆದರೆ ಸಮುದ್ರದಷ್ಟು ದೊಡ್ಡ ಸಿಹಿನೀರಿನ ಸರೋವರ. ಇವಳಿಗೆ ಮಾತ್ರ ಉಪ್ಪುನೀರೇ ಬೇಕು. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಮಿಷನ್ನಿನ ಪಕ್ಕದಲ್ಲಿ, ಐದಡಿ ಉದ್ದದ ಗಾಜಿನ ತೊಟ್ಟಿ ಇಟ್ಟುಕೊಂಡು ಒಂಬತ್ತು ವರ್ಷ ಕಲ್ಲಿನ ಮೇಲೆ ಕಲ್ಲು ಕೂರಿಸಿ, ಹವಳ ಅಂಟಿಸಿ, ಒಂದು ಗುಡ್ಡವನ್ನೇ ಕಟ್ಟಿದ್ದಳು.

"ಕಣ್ಣೆದುರಿಗೆ ಇಷ್ಟು ನೀರು ಬಿದ್ದಿದೆ, ನೀನು ಬಕೆಟ್‌ನಲ್ಲಿ ಉಪ್ಪು ಕಲಸ್ತಾ ಕೂತಿದೀಯಲ್ಲ ಮಾರಾಯ್ತಿ" ಎಂದು ಗಂಡ ರಾಲ್ಫ್ ಮೆಟ್ಟಿಲ ಮೇಲಿಂದಲೇ ಹೇಳುತ್ತಿದ್ದ. ಮಂಡಿ ನೋವಿನಿಂದ ಅವನು ಕೆಳಗಿಳಿಯುವುದು ಕಡಿಮೆ.

"ಆ ನೀರಲ್ಲಿರೋದೆಲ್ಲ ನಿನ್ನ ಥರ ಬೂದಿ ಬಣ್ಣದ ಮೀನು. ಅದನ್ನ ಮೇಲೆ ಕೂತೇ ನೋಡಬಹುದು" ಎನ್ನುತ್ತಿದ್ದಳು ಇವಳು.

ತೊಟ್ಟಿಯಲ್ಲಿದ್ದದ್ದು ಮ್ಯಾಂಡರಿನ್ ಮೀನಿನ ಜೋಡಿ. ನೀಲಿ ಮೈ, ಮೈತುಂಬ ಮಗು ಗೀಚಿದ ಹಾಗೆ ಕಿತ್ತಳೆ ಗೆರೆ, ಕಪ್ಪೆಯ ಹಾಗೆ ಉಬ್ಬಿದ ಕಣ್ಣು. ಈಜುವುದಕ್ಕಿಂತ ಕಲ್ಲಿನ ಮೇಲೆ ಓಡಾಡುವುದೇ ಹೆಚ್ಚು. ಮೂತಿ ಚಿಕ್ಕದು, ಕಲ್ಲಿನ ಸಂದಿಯಲ್ಲಿ ಹರಿದಾಡುವ, ನಮ್ಮ ಕಣ್ಣಿಗೆ ಧೂಳಿನ ಹಾಗೆ ಕಾಣುವ ನೀರುಹುಳಗಳನ್ನು ಬೆಳಗಿನಿಂದ ಸಂಜೆಯವರೆಗೆ ಕುಕ್ಕಿ ತಿನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಬದುಕುವುದಿಲ್ಲ. ಗಂಡಿನ ಬೆನ್ನ ಮೇಲೆ ಬಾವುಟದ ಹಾಗೆ ಏಳುವ ಉದ್ದ ಮುಳ್ಳು. ಮಾರ್ಲಿಸ್ ಅವನಿಗೆ ಹಾಲ್ವರ್ ಎಂದೂ ಹೆಣ್ಣಿಗೆ ಸಿಗ್ನೆ ಎಂದೂ ಹೆಸರಿಟ್ಟಿದ್ದಳು. ಎಂಟು ತಿಂಗಳು ದಿನಾ ಸಂಜೆ ದೀಪ ಮಂಕಾಗುವ ಹೊತ್ತಿಗೆ ಇಬ್ಬರೂ ಹೊಟ್ಟೆಗೆ ಹೊಟ್ಟೆ ಒತ್ತಿಕೊಂಡು ನೀರಿನಲ್ಲಿ ನಿಧಾನಕ್ಕೆ ಮೇಲೇಳುತ್ತಿದ್ದರು. ಮೇಲೆ ಒಂದು ಕ್ಷಣ ನಿಂತು, ಮೊಟ್ಟೆ ಬಿಟ್ಟು, ಸರ್ರನೆ ಕೆಳಗಿಳಿದು ಕಲ್ಲಿನ ಸಂದಿ ಸೇರುತ್ತಿದ್ದರು. ಆ ಹೊತ್ತಿಗೆ ಫೋನ್ ಬಂದರೂ ಮಾರ್ಲಿಸ್ ಎತ್ತುತ್ತಿರಲಿಲ್ಲ.

ಸಿಗ್ನೆ ಅವಳದ್ದೇ. ಹಾಲ್ವರ್ ಸಂಘದ್ದು. ಊರಿನ ಉಪ್ಪುನೀರು ಮೀನು ಸಾಕುವವರ ಸಂಘದಲ್ಲಿ ಹೀಗೊಂದು ಪದ್ಧತಿ: ಮರಿ ಮಾಡಿಸಬಲ್ಲವರಿಗೆ ಸಂಘದ ಮೀನನ್ನು ಎರವಲು ಕೊಡುವುದು. ಮೀನಿನ ಜೊತೆ ಒಂದು ಕಾರ್ಡು ಮನೆಯಿಂದ ಮನೆಗೆ ತಿರುಗುತ್ತದೆ. ಯಾರ ಮನೆಯಲ್ಲಿತ್ತು, ಏನು ತಿಂದಿತು, ಜೋಡಿಯಾಯಿತೇ ಎಂಬುದೆಲ್ಲ ನೀಲಿ ಶಾಯಿಯಲ್ಲಿ. ತಪ್ಪು ನಡೆದರೆ ಕೆಂಪು ಶಾಯಿಯಲ್ಲಿ. 'ಜೊತೆ ಕೊಲ್ಲುವವನು' ಎಂದು ಒಮ್ಮೆ ಕೆಂಪಿನಲ್ಲಿ ಬಿತ್ತೋ, ಆ ಗಂಡಿಗೆ ಆಮೇಲೆ ಊರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಸಾಯುವವರೆಗೆ ಒಂಟಿ.

ಮಾರ್ಚ್ ಮೊದಲ ವಾರ ಹಾಲ್ವರ್ ಸಿಗ್ನೆಯನ್ನು ಕಚ್ಚಿದ.

ಸುಮ್ಮನೆ ಹೆದರಿಸುವ ಕಡಿತವಲ್ಲ. ಕಲ್ಲಿನ ಮೇಲಿದ್ದವಳನ್ನು ಅಟ್ಟಿಸಿಕೊಂಡು ಹೋಗಿ ಪಕ್ಕೆಗೆ ಬಾಯಿ ಹಾಕಿದ. ಅವಳು ಮೂಲೆ ಸೇರಿದರೆ ಮೂಲೆಗೂ ಹೋದ. ಮಾರನೆಯ ದಿನ ಅವಳ ರೆಕ್ಕೆ ಹರಿದು ಜಾಲರಿಯಾಗಿತ್ತು. ಸಂಜೆ ದೀಪ ಮಂಕಾಯಿತು, ಇಬ್ಬರೂ ಮೇಲೇಳಲಿಲ್ಲ.

ಮಾರ್ಲಿಸ್‌ಗೆ ಗಾಬರಿಯಾಯಿತು. ಆ ಗಾಬರಿಯಲ್ಲಿ ಮೀನು ಸಾಕುವವರೆಲ್ಲ ಮಾಡುವ ಎಡವಟ್ಟನ್ನೇ ಅವಳೂ ಮಾಡಿದಳು: ಹರಿದ ರೆಕ್ಕೆಯ ಫೋಟೊ ತೆಗೆದು ಸಂಘದ ಗುಂಪಿಗೆ ಹಾಕಿ 'ಏನು ಮಾಡಲಿ?' ಎಂದು ಕೇಳಿದಳು. ಅಯ್ಯೋ ದೇವರೇ! ಅರ್ಧ ಗಂಟೆಯಲ್ಲಿ ತೊಂಬತ್ತು ಜನ ನ್ಯಾಯಾಧೀಶರು. ಗಂಡನ್ನು ತೆಗಿ ಎಂದವರು, ನಿನ್ನ ತೊಟ್ಟಿ ಚಿಕ್ಕದು ಎಂದವರು, ಇವನ ಮುಖ ನೋಡಿದಾಗಲೇ ಅನುಮಾನ ಬಂದಿತ್ತು ಎಂದವರು. ಮೀನಿನ ಮುಖ ನೋಡಿ! ಮ್ಯಾಂಡರಿನ್ ಸಾಕದವರೇ ಹೆಚ್ಚು ಬರೆದಿದ್ದರು. ಬೆಳಿಗ್ಗೆ ಸಂಘದ ಅಧ್ಯಕ್ಷ, ಹಲ್ಲಿನ ಡಾಕ್ಟರ್ ವೆಂಡೆಲ್ ಪ್ರೂಯಿಟ್ ಫೋನ್ ಮಾಡಿದ.

"ಮಾರ್ಲಿಸ್, ಮನಸ್ಸಿಗೆ ಹಚ್ಕೋಬೇಡಿ. ಇಂಥ ಗಂಡು ಆಗಾಗ ಬರುತ್ತೆ. ಶನಿವಾರ ನಾನೂ ನಮ್ಮ ಸಂಘದ ಬರ್ನಡೀನೂ ಬಂದು ನೋಡಿ ಕಾರ್ಡಲ್ಲಿ ಬರೆದುಬಿಡ್ತೀವಿ."

"ಏನಂತ ಬರೀತೀರ?"

"ಇದ್ದದ್ದು. ಜೊತೆ ಕೊಲ್ಲೋನು ಅಂತ."

"ಅವಳಿನ್ನೂ ಬದುಕಿದಾಳೆ ಡಾಕ್ಟ್ರೇ! ನೀವಾಗಲೇ ಹೆಣಕ್ಕೆ ಹೂವಿನ ಗುಚ್ಛ ಹಿಡ್ಕೊಂಡು ನಿಂತಿದೀರಲ್ಲ."

"ಇವತ್ತಲ್ಲ ನಾಳೆ..."

"ನಾಳೆ ಹಲ್ಲು ಹುಳುಕಾಗುತ್ತೆ ಅಂತ ನೀವು ಇವತ್ತೇ ಕೀಳ್ತೀರಾ?" ಎಂದು ಫೋನ್ ಕುಕ್ಕಿದಳು.

ಕುಕ್ಕಿದ್ದೇನೋ ಸರಿ, ಕೋಪದಿಂದ ರೆಕ್ಕೆ ಕೂಡುತ್ತದೆಯೇ? ಕಣ್ಣೆದುರಿಗೇ ಕಚ್ಚುತ್ತಿದ್ದಾನೆ. ಆದರೆ ಎಂಟು ತಿಂಗಳು ಮೈಗೆ ಮೈ ಒತ್ತಿಕೊಂಡು ಮೇಲೆದ್ದವನು ಒಂದು ಬೆಳಿಗ್ಗೆ ಎದ್ದು ಕೊಲೆಗಡುಕನಾಗುವುದು ಹೇಗೆ? ಮಾರ್ಲಿಸ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ತೂತು ತೂತಿನ ಪ್ಲಾಸ್ಟಿಕ್ ಹಾಳೆಯೊಂದನ್ನು ತೊಟ್ಟಿಗೆ ಅಡ್ಡ ಇಳಿಸಿ ಇಬ್ಬರನ್ನೂ ಬೇರೆ ಮಾಡಿದಳು. ಆಮೇಲೆ ಬಕೆಟ್ ಬೋರಲು ಹಾಕಿ, ಲಾರಿಯ ಕಾಲದ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಗಾಜಿನ ಮುಂದೆ ಕೂತಳು. ಒಂದು ಹಗಲು ಪೂರ್ತಿ ಕೂತಳು.

ಹಾಲ್ವರ್ ಕಲ್ಲು ಕುಕ್ಕುತ್ತಿದ್ದ. ನಾಲ್ಕು ಸಲ ಕುಕ್ಕಿದರೆ ಮೂರು ಸಲ ಬರಿಬಾಯಿ. ಹಾಳೆಯ ಆಚೆ ಸಿಗ್ನೆ ಕುಕ್ಕುವುದನ್ನೂ ಬಿಟ್ಟಿದ್ದಳು. ದೀಪವನ್ನು ಪಕ್ಕದಿಂದ ಹಿಡಿದು ನೋಡಿದಾಗ ಮಾರ್ಲಿಸ್‌ಗೆ ಗೊತ್ತಾಯಿತು. ಇಬ್ಬರ ಹೊಟ್ಟೆಯೂ ಒಳಕ್ಕೆ ಹೋಗಿ ಬೆನ್ನಿಗೆ ಅಂಟಿತ್ತು.

ಹಸಿವು. ಬರೀ ಹಸಿವು. ಒಂದೇ ಕಲ್ಲಿನ ಮೇಲೆ ಉಳಿದ ನಾಲ್ಕು ಹುಳಕ್ಕೆ ಇಬ್ಬರು.

ಯಾಕೆ ಹೀಗಾಯಿತು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಜನವರಿಯಲ್ಲಿ ಹವಳದ ಮೇಲೆ ಚಪ್ಪಟೆ ಹುಳ ಬಂದಿದೆ ಎಂದಾಗ ಡಾಕ್ಟರ್ ಪ್ರೂಯಿಟ್ ತನ್ನ ತೊಟ್ಟಿಯಿಂದ ಹುಳ ತಿನ್ನುವ ಒಂದು ಆರುಗೆರೆ ಮೀನನ್ನು ಚೀಲದಲ್ಲಿ ತಂದುಕೊಟ್ಟಿದ್ದ. 'ಇದು ಎಲ್ಲಾ ಗುಡಿಸಿ ಹಾಕುತ್ತೆ' ಎಂದಿದ್ದ. ಗುಡಿಸಿತು, ಅನುಮಾನವೇ ಇಲ್ಲ! ಚಪ್ಪಟೆ ಹುಳದ ಜೊತೆ ಇವರಿಬ್ಬರ ಊಟವನ್ನೂ ಗುಡಿಸಿ ದುಂಡಗಾಗಿ ತಿರುಗುತ್ತಿತ್ತು. ಅದೊಂದೇ ಆಗಿದ್ದರೆ ಡಾಕ್ಟರನ ತಲೆಗೆ ಕಟ್ಟಿ ನಿದ್ದೆ ಮಾಡಬಹುದಿತ್ತು. ಆದರೆ ಬೇರೆಯವರೆಲ್ಲ ತಿಂಗಳಿಗೊಮ್ಮೆ ಬಾಟಲಿಯಲ್ಲಿ ಜೀವಂತ ಹುಳ ತಂದು ಸುರಿಯುತ್ತಾರೆ. ಮಾರ್ಲಿಸ್ ಸುರಿಯುತ್ತಿರಲಿಲ್ಲ. 'ನನ್ನ ತೊಟ್ಟಿ ತನ್ನ ಊಟ ತಾನೇ ಬೆಳ್ಕೊಳ್ಳುತ್ತೆ' ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು, ಒಂದಲ್ಲ ಎರಡು ಸಲ. ಚಪ್ಪಾಳೆಯೂ ಬಿದ್ದಿತ್ತು. ಫೆಬ್ರವರಿಯಲ್ಲಿ ಇಬ್ಬರೂ ಸ್ವಲ್ಪ ಸಣ್ಣಗಾದ ಹಾಗೆ ಕಂಡಾಗ ಬಾಟಲಿ ತಂದರೆ ಮಾನ ಹೋಗುತ್ತದೆ ಎಂದು ಕಣ್ಣು ಪಕ್ಕಕ್ಕೆ ತಿರುಗಿಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಬುಧವಾರ ಬೆಳಿಗ್ಗೆ ಗುಡ್ಡ ಕೆಡವಲು ನಿಂತಳು. ಆರುಗೆರೆ ಮೀನು ಬಲೆಗೆ ಬೀಳುವ ಜಾತಿಯಲ್ಲ. ಕಲ್ಲೊಂದು ಉಳಿದರೂ ಅದರ ಹೊಟ್ಟೆಯೊಳಗೆ ನುಗ್ಗಿ ಕೂರುತ್ತದೆ. ರಾಲ್ಫ್ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು ನೋಡಿದರೆ, ಹೆಂಡತಿ ತೋಳಿನವರೆಗೆ ಒದ್ದೆಯಾಗಿ ಹವಳದ ಕಲ್ಲುಗಳನ್ನು ಕಿತ್ತು ಕಿತ್ತು ಪ್ಲಾಸ್ಟಿಕ್ ಟಬ್ಬುಗಳಿಗೆ ಇಳಿಸುತ್ತಿದ್ದಾಳೆ.

"ಹುಚ್ಚು ಹಿಡೀತಾ ನಿನಗೆ? ಒಂಬತ್ತು ವರ್ಷದ ಕೆಲಸ!"

"ಒಂಬತ್ತು ವರ್ಷದ ಕೊಬ್ಬು ಅನ್ನು. ಆ ಟಬ್ ಈಚೆ ತಳ್ಳು."

"ಅರ್ಧ ಹವಳ ಸಾಯುತ್ತೆ ಮಾರ್ಲಿಸ್."

"ಸಾಯಲಿ. ಹವಳಕ್ಕೆ ನಾನು ಮಾತು ಕೊಟ್ಟಿಲ್ಲ."

ರಾಲ್ಫ್ ಟಬ್ ತಳ್ಳಿದ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯಲ್ಲಿ ಬರೀ ಮರಳು. ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದೆ ಆರುಗೆರೆ ಮೂಲೆಯಲ್ಲಿ ಸಿಕ್ಕಿಬಿತ್ತು. ಮಾರ್ಲಿಸ್ ಬಾಟಲಿಗಳಲ್ಲಿ ಸೀಗಡಿ ಮೊಟ್ಟೆ ಒಡೆಸಿ, ಮರಿಗಳನ್ನು ಸಣ್ಣ ಕೊಳವೆಯಲ್ಲಿ ತೆಗೆದು ಇಬ್ಬರ ಮೂತಿಯ ಹತ್ತಿರವೇ ಬಿಟ್ಟಳು. ಹಾಲ್ವರ್ ಮೊದಲ ದಿನ ನೋಡಿದ. ಎರಡನೆಯ ದಿನ ತಿಂದ. ಸಿಗ್ನೆ ಒಂದೆರಡು ಸಲ ಮೂತಿ ಚಾಚಿದಳು, ಅಷ್ಟೇ. ಶುಕ್ರವಾರ ಬೆಳಿಗ್ಗೆ ಮರಳ ಮೇಲೆ ಪಕ್ಕಕ್ಕೆ ಒರಗಿ ಸತ್ತಿದ್ದಳು. ಬಣ್ಣ ಇನ್ನೂ ಹಾಗೇ ಇತ್ತು.

ಮಾರ್ಲಿಸ್ ಅವಳನ್ನು ಅಂಗೈಯಲ್ಲಿ ಎತ್ತಿಕೊಂಡು ಮೇಲೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ರಾಲ್ಫ್ ಎದುರಿಗೆ ಕೂತ.

"ನಾಳೆ ಅವರು ಬರ್ತಾರೆ" ಎಂದ.

"ಬರ್ಲಿ."

"ಅವನು ಕೊಂದ ಅಂತ ಬರೆದ್ರೆ..." ರಾಲ್ಫ್ ತಡವರಿಸಿದ. "ನೋಡು, ನನ್ನ ಮೇಲೆ ರೇಗಬೇಡ. ಹಾಗೆ ಬರೆದ್ರೆ ಅವನನ್ನ ಬೇರೆ ಯಾರೂ ಕೇಳಲ್ಲ. ನಿನ್ನ ಹತ್ರಾನೇ ಇರ್ತಾನೆ. ಹಸಿವು ಅಂತ ಬರೆದ್ರೆ ಅದೇ ಗಳಿಗೇಲಿ ಮನೆ ಬಿಡಿಸ್ತಾರೆ, ಮೀನು ಉಪವಾಸ ಕೆಡವಿದ ಮನೇಲಿ ಸಂಘ ಮೀನು ಬಿಡಲ್ಲ. ನಿನಗೆ ಇನ್ನೊಂದು ಮೀನೂ ಸಿಗಲ್ಲ."

"ಗೊತ್ತು."

"ಮೀನಿಗೇನು ಓದೋಕೆ ಬರುತ್ತಾ, ಕಾರ್ಡಲ್ಲಿ ಏನಿದ್ರೂ?"

ಮಾರ್ಲಿಸ್ ತಲೆಯೆತ್ತಿ ನೋಡಿದಳು. ಆ ನೋಟಕ್ಕೆ ರಾಲ್ಫ್ ಎದ್ದು ಹೋಗಿ ಇಲ್ಲದ ಕಾಫಿಯನ್ನು ಬಿಸಿ ಮಾಡಲು ನಿಂತ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸುಮ್ಮನಿದ್ದರೆ ಸಾಕು, ಹಾಲ್ವರ್ ಅವಳ ಪಾಲಿಗೆ ಉಳಿಯುತ್ತಾನೆ. ಹಾಗೆ ಉಳಿಸಿಕೊಳ್ಳಲು ಅವಳಿಗೆ ಆಸೆಯೂ ಆಯಿತು. ಆಗಲಿಲ್ಲ ಎಂದು ಹೇಳಿದರೆ ಈ ಕತೆ ಹೇಳುವ ನಾನೇ ಸುಳ್ಳು ಹೇಳಿದ ಹಾಗೆ. ಆ ಇಡೀ ದಿನ ಅವಳು ಅದನ್ನೇ ಯೋಚಿಸಿದಳು.

ಶನಿವಾರ ಹತ್ತು ಗಂಟೆಗೆ ಇಬ್ಬರೂ ಬೂಟಿನ ಹಿಮ ಕೊಡವಿ ಒಳಗೆ ಬಂದರು. ಬರ್ನಡೀನ್ ಕ್ಲೂಟಿಯೆ ಎಂಬವಳು ಚರ್ಚಿನಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದ ಹೆಂಗಸು, ಎಪ್ಪತ್ತು ದಾಟಿದವಳು, ಮೆಲುದನಿ; ಅವಳ ಮನೆಯಲ್ಲೊಂದು ಹೆಣ್ಣು ಮ್ಯಾಂಡರಿನ್ ಜೊತೆಯಿಲ್ಲದೆ ಇತ್ತು. ಬರುವಾಗ ನಿಂಬೆಹಣ್ಣಿನ ಸಿಹಿ ತಿಂಡಿ ಮಾಡಿಕೊಂಡು ಬಂದಿದ್ದಳು. ಅಲ್ಲಿ ಸಾವಿನ ಮನೆಗೆ ತಿಂಡಿ ತರುವ ಹಾಗೆ.

ನೆಲಮಾಳಿಗೆಗಿಳಿದು ಬರಿದಾದ ತೊಟ್ಟಿ, ಸುತ್ತ ಟಬ್ಬುಗಳಲ್ಲಿ ಬೂದು ಹಿಡಿಯುತ್ತಿರುವ ಹವಳ ನೋಡಿ ಡಾಕ್ಟರ್ ಪ್ರೂಯಿಟ್ ಗಾಜಿನ ಹತ್ತಿರ ಹೋದ. ಮರಳ ಮೇಲೆ ಹಾಲ್ವರ್ ಒಬ್ಬನೇ ಓಡಾಡುತ್ತಿದ್ದ.

"ಹೆಣ್ಣು ಹೋಯ್ತಾ?"

"ನಿನ್ನೆ."

"ನಾನು ಹೇಳಿದ್ನಲ್ಲ. ಪಾಪ, ನಿಮ್ಮ ತಪ್ಪೇನಿಲ್ಲ ಮಾರ್ಲಿಸ್." ಡಾಕ್ಟರ್ ದನಿ ನಿಜಕ್ಕೂ ಮೆದುವಾಗಿತ್ತು, ಕೆಟ್ಟವನಲ್ಲ ಆತ, ತಾನು ಹೇಳಿದ್ದೇ ಸರಿ ಎಂಬ ಕಾಯಿಲೆ, ಅಷ್ಟೇ. ಜೇಬಿನಿಂದ ಕಾರ್ಡು ತೆಗೆದ, ಕೆಂಪು ಪೆನ್ನು ತೆಗೆದ. "ಬರೆದುಬಿಡ್ತೀನಿ. ಇವನು ಇಲ್ಲೇ ಇರ್ಲಿ, ಇದ್ದಷ್ಟು ದಿನ ನೀವೇ ನೋಡ್ಕೊಳ್ಳಿ. ಯಾರೂ ನಿಮಗೊಂದು ಮಾತು ಅನ್ನಲ್ಲ."

ಅವನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮಾರ್ಲಿಸ್ ಒದ್ದೆ ಕೈಯನ್ನು ಕಾರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟಳು.

"ಬರೀಬೇಡಿ."

"ಮಾರ್ಲಿಸ್..."

"ಬರೀಬೇಡಿ ಅಂದೆ. ಬನ್ನಿ ಇಲ್ಲಿ, ಬಗ್ಗಿ. ಮೂವತ್ತು ವರ್ಷ ಜನರ ಬಾಯೊಳಗೆ ಇಣುಕಿದೀರಿ, ಒಂದು ಸಲ ಇವನ ಹೊಟ್ಟೆ ನೋಡಿ. ಎರಡು ದಿನ ತಿಂದ ಮೇಲೆ ಇಷ್ಟಿದೆ. ಕೊಬ್ಬಿ ಕೊಲ್ಲೋನ ಹೊಟ್ಟೇನಾ ಇದು?"

ಡಾಕ್ಟರ್ ಬಗ್ಗಿದ. ಬರ್ನಡೀನ್ ಕನ್ನಡಕ ಸರಿಮಾಡಿಕೊಂಡು ಅವನಿಗಿಂತ ಹೆಚ್ಚು ಹೊತ್ತು ನೋಡಿದಳು.

"ಉಪವಾಸ ಬಿದ್ದಿದೆ" ಎಂದಳು ಅವಳು.

"ಅವಳೂ ಹಂಗೇ ಸತ್ತಿದ್ದು. ಇಬ್ಬರೂ ಒಂದೇ ತುತ್ತಿಗೆ ಬಡಿದಾಡಿದಾರೆ." ಮಾರ್ಲಿಸ್ ನೆಲದ ಮೇಲಿದ್ದ ಚೀಲವನ್ನೆತ್ತಿ ಡಾಕ್ಟರನ ಎದೆಗೆ ಹಿಡಿದಳು. ಒಳಗೆ ಆರುಗೆರೆ ಠೀವಿಯಿಂದ ತಿರುಗುತ್ತಿತ್ತು. "ತಗೊಳ್ಳಿ ನಿಮ್ಮ ಪೊರಕೆ. ಚೆನ್ನಾಗಿ ಗುಡಿಸ್ತು."

ಡಾಕ್ಟರನ ಕಿವಿ ಕೆಂಪಾಯಿತು. "ಅಂದ್ರೆ, ನನ್ನಿಂದ ಆಯ್ತು ಅಂತೀರಾ?"

"ತಂದ್ಕೊಟ್ಟಿದ್ದು ನೀವು. ಬಿಟ್ಕೊಂಡಿದ್ದು ನಾನು. ತೊಟ್ಟಿ ನಂದು, ಹೊಟ್ಟೆ ಒಳಗೆ ಹೋಗಿದ್ದನ್ನ ನೋಡಿದ್ದೂ ನಾನು, ನೋಡಿ ಸುಮ್ಮನಾಗಿದ್ದೂ ನಾನು. ಬಾಟಲಿ ತಂದ್ರೆ ನೀವೆಲ್ಲ ನಗ್ತೀರ ಅಂತ." ಅವಳು ಕೈ ಚಾಚಿದಳು. "ಪೆನ್ನು ಕೊಡಿ ಇಲ್ಲಿ."

"ಯೋಚ್ನೆ ಮಾಡಿ. ಹಸಿವು ಅಂತ ಬರೆದ್ರೆ ಇವನನ್ನ ಇಲ್ಲಿ ಬಿಡೋ ಹಾಗಿಲ್ಲ. ನಿಮಗೂ ಮುಂದೆ ಎರವಲು ಮೀನು ಸಿಗಲ್ಲ. ಸಂಘದ ನಿಯಮ, ನನ್ನದಲ್ಲ."

"ನಾನೇನು ಕೇಳಿದ್ನಾ?"

"ಇಷ್ಟು ಪ್ರೀತಿಯಿಂದ ಸಾಕಿದೀರಿ..."

"ಪ್ರೀತಿಯಿಂದಾನೇ ಉಪವಾಸ ಕೆಡವಿದ್ದು ಡಾಕ್ಟ್ರೇ. ಕೊಡಿ ಪೆನ್ನು."

ಕೊಟ್ಟ. ಬಟ್ಟೆ ಒಗೆಯುವ ಮಿಷನ್ನಿನ ಮೇಲೆ ಕಾರ್ಡು ಇಟ್ಟು, ಮಾರ್ಲಿಸ್ ತನ್ನ ದೊಡ್ಡ ದೊಡ್ಡ ಅಕ್ಷರದಲ್ಲಿ ಕೆಂಪಿನಲ್ಲಿ ಬರೆದಳು: 'ಹೆಣ್ಣು ಸತ್ತದ್ದು ಹಸಿವಿನಿಂದ. ಹಾಲ್ವರ್ ಕಚ್ಚಿದ್ದು ಹಸಿವಿನಿಂದ. ಹಸಿವಿಗೆ ಕೆಡವಿದವಳು ಮಾರ್ಲಿಸ್ ಸ್ಕೋಗನ್. ಎಂಟು ತಿಂಗಳು ಇವನು ಒಳ್ಳೆಯ ಗಂಡನಾಗಿದ್ದ.' ಕೊನೆಯ ಸಾಲು ನಿಯಮದಲ್ಲಿ ಇರಲಿಲ್ಲ. ಡಾಕ್ಟರ್ ಓದಿದ, ಹೊಡೆದುಹಾಕಲಿಲ್ಲ.

ಅವನು ಬಲೆ ಎತ್ತಿಕೊಂಡಾಗ ಮಾತ್ರ ಅವಳು ಮತ್ತೆ ಸಿಡಿದಳು. "ಬಲೆ ಬೇಡ! ಮುಳ್ಳು ಸಿಕ್ಕಿ ಹರಿಯುತ್ತೆ. ಮೀನು ಹಿಡಿಯೋದೂ ನಾನೇ ಕಲಿಸಬೇಕಾ ನಿಮಗೆ?" ಪ್ಲಾಸ್ಟಿಕ್ ಜಗ್ಗೊಂದನ್ನು ನೀರಿಗೆ ಇಳಿಸಿ ಮರಳ ಮೇಲೆ ಒರಗಿಸಿ ಹಿಡಿದಳು. ಹಾಲ್ವರ್ ಅದರ ಬಾಯಿಯವರೆಗೆ ನಡೆದು ಬಂದು ನಿಂತ, ಅವಳ ಬೆರಳನ್ನು ಒಮ್ಮೆ ಕುಕ್ಕಿ ನೋಡಿದ, ಆಮೇಲೆ ಒಳಕ್ಕೆ ಹೋದ. ಜಗ್ಗನ್ನು ಎತ್ತಿ ಅವಳು ಬರ್ನಡೀನ್‌ಳ ಕೈಗೇ ಕೊಟ್ಟಳು.

"ನನ್ನ ಹುಡುಗೀನ ಕಚ್ಚಲ್ಲ ತಾನೇ?" ಬರ್ನಡೀನ್ ಮೆಲ್ಲಗೆ ಕೇಳಿದಳು.

"ದಿನಕ್ಕೆ ಐದು ಸಲ ಊಟ. ಬಾಟಲೀನೂ ಸುರೀರಿ, ಯಾರು ನಕ್ಕರೂ ಸುರೀರಿ. ಹೊಟ್ಟೆ ತುಂಬಿದ ಮೇಲೂ ಕಚ್ಚಿದ್ರೆ ಬಂದು ನನ್ನ ಮುಖಕ್ಕೆ ಹೇಳಿ."

ಬಾಗಿಲವರೆಗೆ ಹೋಗಿ ಬೀಳ್ಕೊಟ್ಟಳು. ಬರ್ನಡೀನ್ ಜಗ್ಗನ್ನು ಕೋಟಿನೊಳಗೆ ಬೆಚ್ಚಗೆ ಹಿಡಿದುಕೊಂಡು ಕಾರು ಹತ್ತಿದಳು. ಕಾರು ಇಳಿಜಾರು ಇಳಿದು ತಿರುವಿನಲ್ಲಿ ಮರೆಯಾಗುವ ತನಕ ಮಾರ್ಲಿಸ್ ಕೋಟಿಲ್ಲದೆ, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು. ಆಮೇಲೆ ಒಳಗೆ ಬಂದು, ನೆಲಮಾಳಿಗೆಯ ಮೊದಲ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು. ಮೂಗು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ರಾಲ್ಫ್ ಬಂದು ಕಷ್ಟಪಟ್ಟು ಮಂಡಿ ಮಡಿಸಿ ಪಕ್ಕದಲ್ಲಿ ಕೂತ. ನಲವತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ಅವನು ನೋಡಿರಲಿಲ್ಲ.

"ಮಾರ್ಲಿಸ್, ಅಳ್ತಿದೀಯಾ?"

"ಹೌದು, ಅಳ್ತಿದೀನಿ" ಎಂದಳು. "ಏನೀಗ?"